ದಿನವಿಡೀ ಕೂತು ದುಡಿಯುವವರಿಗೆ ದುಡ್ಡಿನ ನಷ್ಟ ಅನ್ನೋದು ನಿಜವಾ, ಸುಮ್ನೆ ಜಿಮ್‌ನವರ ಪ್ರಚಾರವಾ?

ನಷ್ಟ ಇದೆ. ಆದರೆ ‘ಕೂತಿದ್ದರ ನಷ್ಟ’ ಅನ್ನೋ ಹೆಸರಲ್ಲಿ ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಅದಕ್ಕೇ ಪ್ರಚಾರ ಅನ್ನಿಸುತ್ತದೆ. ನಾನು ತುಮಕೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಹಾಜರಿ, ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ರಜೆ ಚೀಟಿಗಳಲ್ಲಿ ಸೊಂಟನೋವು, ಬಿಪಿ ಜಾಸ್ತಿ, ಶುಗರ್ ಟೆಸ್ಟ್ ಅಂತ ಇರುತ್ತದೆ. ಕೂತೂ ಕೂತೂ ಹೀಗಾಯಿತು ಅಂತ ಯಾರು ಬರೆಯುತ್ತಾರೆ?

2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಜಗತ್ತಿನ ಲೆಕ್ಕ ಒಂದು ಬಂತು. ಮೈಗೆ ಸಾಕಷ್ಟು ಚಟುವಟಿಕೆ ಇಲ್ಲದ್ದರಿಂದ 2013ರಲ್ಲಿ ಚಿಕಿತ್ಸೆಗೇ ಸುಮಾರು 5,380 ಕೋಟಿ ಡಾಲರ್ ಖರ್ಚಾಗಿದೆ ಎಂದು ಅಂದಾಜು. ಬೇಗ ಸತ್ತವರ ದುಡಿಮೆಯ ನಷ್ಟ ಇನ್ನೂ 1,370 ಕೋಟಿ. ಗಮನಿಸಿ, ಇದರಲ್ಲಿ ಹಿಡಿದದ್ದು ಐದೇ ಕಾಯಿಲೆ: ಹೃದಯದ ಕಾಯಿಲೆ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಸ್ತನ ಮತ್ತು ಕರುಳಿನ ಕ್ಯಾನ್ಸರ್. ನಮ್ಮ ರಜೆ ಚೀಟಿಗಳ ಸೊಂಟನೋವು ಅದರಲ್ಲಿ ಇಲ್ಲ. ರಜೆ ಹಾಕಿದ ದಿನಗಳೂ ಇಲ್ಲ. ಕೆಲಸಕ್ಕೆ ಬಂದು ನೋವಿನಲ್ಲಿ ಅರೆಬರೆ ಕೆಲಸ ಮಾಡಿದ್ದೂ ಇಲ್ಲ.

ಇನ್ನೊಂದು ಮಾತು. ಆ ಚಿಕಿತ್ಸೆ ಖರ್ಚಿನಲ್ಲಿ ಶೇ 80ರಷ್ಟು ಶ್ರೀಮಂತ ದೇಶಗಳದ್ದು, ಆದರೆ ಕಾಯಿಲೆಯ ಹೊರೆಯಲ್ಲಿ ಶೇ 75ರಷ್ಟು ನಮ್ಮಂಥ ದೇಶಗಳದ್ದು. ನಮ್ಮಲ್ಲಿ ಖರ್ಚು ಕಡಿಮೆ ಕಾಣುವುದು ನಾವು ಗಟ್ಟಿಮುಟ್ಟಾಗಿದ್ದೇವೆ ಅಂತಲ್ಲ. ಆಸ್ಪತ್ರೆ ಮೆಟ್ಟಿಲು ಹತ್ತುವುದೇ ತಡವಾಗಿ, ಅಲ್ವಾ?

ಈಗ ಮನೆ ಲೆಕ್ಕಕ್ಕೆ ಬನ್ನಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ, ಇರುತ್ತದೆ. ಕಾಯಿಲೆ ರಜೆಗೆ ಅಲ್ಲಿ ಸಿಗುವುದು ಸರಾಸರಿ ಕೂಲಿಯ ಶೇ 70, ಅದೂ ವರ್ಷಕ್ಕೆ ಹೆಚ್ಚೆಂದರೆ 91 ದಿನ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಏನೂ ಇಲ್ಲ. ದಿನಕ್ಕೆ 600 ರೂಪಾಯಿ ಕೂಲಿ ಇರುವವರು ಹತ್ತು ದಿನ ಮಲಗಿದರೆ 6,000ದ ಬದಲು 3,360 ಬರುತ್ತದೆ. ಓಟಿ, ಹಾಜರಿ ಬೋನಸ್ ಹೋದದ್ದು ಬೇರೆ. 21,000 ದಾಟಿ ಇಎಸ್‌ಐನಿಂದ ಹೊರಬಿದ್ದವರ ಪಾಡು ಒಂದೊಂದು ಸಲ ಇನ್ನೂ ಕಷ್ಟ. ಕಂಪನಿ ಕೊಡುವ ವಿಮೆ ಆಸ್ಪತ್ರೆಗೆ ಸೇರಿದರೆ ಸರಿ, ತಿಂಗಳು ತಿಂಗಳು ನುಂಗುವ ಬಿಪಿ, ಶುಗರ್ ಮಾತ್ರೆಗೆ ಸಾಮಾನ್ಯವಾಗಿ ಬರುವುದಿಲ್ಲ. ಆ ದುಡ್ಡು ನೇರ ಮೆಡಿಕಲ್ ಸ್ಟೋರಿಗೆ.

ಹಾಗಂತ ಎಲ್ಲ ಕಾಯಿಲೆಯನ್ನೂ ಕುರ್ಚಿಯ ತಲೆಗೆ ಕಟ್ಟಬೇಡಿ. ವಂಶ, ಊಟ, ನೈಟ್ ಶಿಫ್ಟ್ ಎಲ್ಲ ಸೇರಿರುತ್ತದೆ. ಒಬ್ಬೊಬ್ಬರ ಬಿಲ್ಲಿನಲ್ಲಿ ಇಷ್ಟೇ ಪಾಲು ಅಂತ ಬಿಡಿಸಿ ಹೇಳಲು ಬರುವುದಿಲ್ಲ.

ಜಿಮ್‌ಗೆ ದುಡ್ಡು ಸುರಿಯಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ. ನಮ್ಮ ತುಮಕೂರಿನ ಅಮಾನಿಕೆರೆ ಸುತ್ತ ನಡೆದರೂ ಆಯಿತು. ಕಷ್ಟ ಇರುವುದು ಹೊತ್ತು ಸಿಗುವುದರಲ್ಲಿ. 2022ರ ಅಂದಾಜಿನಂತೆ ಭಾರತದಲ್ಲಿ ಇಷ್ಟು ಚಟುವಟಿಕೆ ಇಲ್ಲದ ಗಂಡಸರು ಶೇ 42, ಹೆಂಗಸರು ಶೇ 57. ನಮ್ಮ ಹೆಣ್ಣುಮಕ್ಕಳು ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ಮನೆ ಬಾಗಿಲಿಗೆ ಇಳಿಯುತ್ತಾರೆ, ಇಳಿದವರು ಸೀದಾ ಅಡುಗೆಮನೆಗೆ. ಊಟದ ಬಿಡುವು ಅರ್ಧ ಗಂಟೆ, ಅದರಲ್ಲಿ ಅರ್ಧ ಕ್ಯಾಂಟೀನ್ ಕ್ಯೂನಲ್ಲೇ ಕಳೆಯುತ್ತದೆ. ಆ ಬಿಡುವನ್ನು ಹದಿನೈದು ನಿಮಿಷ ಹೆಚ್ಚಿಸಿದರೆ ಕಂಪನಿಗೇ ಲಾಭ ಅಂತ ನಾನು ಮೇಲಿನವರ ಹತ್ತಿರ ಹೇಳಿದ್ದೇನೆ. ಪ್ರೊಡಕ್ಷನ್‌ನವರು ಇನ್ನೂ ಒಪ್ಪಿಲ್ಲ.