ಓದುಗರ ಪ್ರಶ್ನೆ, ನಮ್ಮ ಉತ್ತರ: ಸೈನ್ಯದ ರೈಫಲ್ ಸಾಮಾನ್ಯರ ಕೈಯಲ್ಲಿ

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ, ಮೀನಿನ ಗಾಳ ಮತ್ತು ಡೇರೆಗಳನ್ನು ಮಾರುವ ಸಾಲಿನ ಪಕ್ಕದಲ್ಲೇ, ಸೈನಿಕರ ಕೈಯಲ್ಲಿ ಕಾಣುವಂತಹ ಕಪ್ಪು ರೈಫಲ್‌ಗಳನ್ನು ಜೋಡಿಸಿಟ್ಟಿದ್ದರು. ಅವು ನಿಜವಾಗಿಯೂ ಸೈನ್ಯದ ರೈಫಲ್‌ಗಳೇ? ಅವನ್ನು ಜನಸಾಮಾನ್ಯರಿಗೆ ಮಾರುವುದು ಸರಿಯೇ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ನೀವು ನೋಡಿದ್ದು ಎಆರ್-15 ಮಾದರಿಯ ರೈಫಲ್‌ಗಳಾಗಿರಬೇಕು. ಯೂಜೀನ್ ಸ್ಟೋನರ್ ಎಂಬ ಎಂಜಿನಿಯರ್ 1950ರ ದಶಕದ ಉತ್ತರಾರ್ಧದಲ್ಲಿ ಆರ್ಮಲೈಟ್ ಕಂಪನಿಗಾಗಿ ರೂಪಿಸಿದ ಈ ವಿನ್ಯಾಸದ ಹಕ್ಕನ್ನು 1959ರಲ್ಲಿ ಕೋಲ್ಟ್ ಕಂಪನಿ ಕೊಂಡುಕೊಂಡಿತು. ಅದರ ಒಂದು ರೂಪ ಎಂ-16 ಎಂಬ ಹೆಸರಿನಲ್ಲಿ ವಿಯೆಟ್ನಾಂ ಯುದ್ಧದ ಹೊತ್ತಿಗೆ ಅಮೆರಿಕದ ಸೈನಿಕರ ಹೆಗಲೇರಿತು. ಇನ್ನೊಂದನ್ನು ಕೋಲ್ಟ್ 1964ರಿಂದಲೇ ನಾಗರಿಕರಿಗೆ ಮಾರತೊಡಗಿತು. ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆ ಕಂಪನಿಗಳೂ ಇದೇ ಮಾದರಿಯನ್ನು ತಯಾರಿಸಲು ಇಳಿದವು.

ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಹೆಬ್ಬೆರಳಿಗೆ ಸಿಗುವ ಪುಟ್ಟದೊಂದು ಲಿವರ್‌ನಲ್ಲಿದೆ. ಸೈನ್ಯದ ರೈಫಲ್‌ನಲ್ಲಿ ಅದಕ್ಕೆ ಮೂರು ಸ್ಥಾನಗಳಿರುತ್ತವೆ. ಮೊದಲನೆಯದರಲ್ಲಿ ಟ್ರಿಗರ್ ಬಂದ್ ಆಗಿರುತ್ತದೆ, ಎರಡನೆಯದರಲ್ಲಿ ಪ್ರತಿ ಸಲ ಎಳೆದಾಗಲೂ ಒಂದು ಗುಂಡು ಹಾರುತ್ತದೆ, ಮೂರನೆಯದರಲ್ಲಿ ಒಮ್ಮೆ ಒತ್ತಿ ಹಿಡಿದರೆ ಗುಂಡುಗಳು ಸತತವಾಗಿ ಅಥವಾ ಮೂರು ಮೂರಾಗಿ ಹೊರಡುತ್ತವೆ. ಅಂಗಡಿಯ ರೈಫಲ್‌ನಲ್ಲಿ ಈ ಮೂರನೆಯ ಸ್ಥಾನವಾಗಲಿ, ಅದಕ್ಕೆ ಬೇಕಾದ ಒಳಗಿನ ಬಿಡಿಭಾಗಗಳಾಗಲಿ ಇರುವುದಿಲ್ಲ, ಏಕೆಂದರೆ ಹೊಸದಾಗಿ ತಯಾರಾದ ಮಷೀನ್ ಗನ್‌ಗಳನ್ನು ನಾಗರಿಕರಿಗೆ ಮಾರುವುದನ್ನು ಅಮೆರಿಕ 1986ರಲ್ಲೇ ನಿಲ್ಲಿಸಿದೆ. ಆದ್ದರಿಂದ ಇದು ನೋಡಲು ಮಾತ್ರ ಸೈನ್ಯದ್ದು, ಕೆಲಸದಲ್ಲಿ ಸಾಧಾರಣ ಬೇಟೆ ಬಂದೂಕು ಎಂದು ಅದರ ಪರ ವಹಿಸುವವರು ವಾದಿಸುತ್ತಾರೆ.

ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಸೈನಿಕರೇ ಹೇಳುತ್ತಾರೆ. ಯುದ್ಧಭೂಮಿಯಲ್ಲೂ ತರಬೇತಾದ ಸೈನಿಕನು ಬಹುಪಾಲು ಸಮಯ ಲಿವರ್ ಅನ್ನು ಎರಡನೆಯ ಸ್ಥಾನದಲ್ಲೇ ಇಟ್ಟು ಒಂದೊಂದಾಗಿ ಗುರಿಯಿಟ್ಟು ಹೊಡೆಯುತ್ತಾನೆ, ಏಕೆಂದರೆ ಸತತ ಗುಂಡು ಹಾರಿಸಿದರೆ ನಳಿಗೆ ಮೇಲೇಳುತ್ತದೆ, ಗುರಿ ತಪ್ಪುತ್ತದೆ, ಮದ್ದುಗುಂಡು ಬೇಗ ಮುಗಿಯುತ್ತದೆ. ಹಾಗಾಗಿ ಮೂರನೆಯ ಸ್ಥಾನವನ್ನು ತೆಗೆದುಹಾಕಿದರೂ ಆ ಆಯುಧವನ್ನು ಯಾವ ಕೆಲಸಕ್ಕಾಗಿ ರೂಪಿಸಲಾಗಿತ್ತೋ ಆ ಕೆಲಸದ ಸಾಮರ್ಥ್ಯ ಬಹುತೇಕ ಹಾಗೆಯೇ ಉಳಿದಿರುತ್ತದೆ. ಹಗುರವಾದ ಮೈ, ಭುಜಕ್ಕೆ ಅಷ್ಟೇನೂ ಒದೆಯದ ಸಣ್ಣ ತೋಟೆ, 30 ಗುಂಡು ಹಿಡಿಯುವ ಮ್ಯಾಗಜೀನ್, ಅದು ಖಾಲಿಯಾದರೆ ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದನ್ನು ಸಿಕ್ಕಿಸುವ ಅನುಕೂಲ, ಇವೆಲ್ಲವೂ ನಾಗರಿಕ ರೂಪದಲ್ಲಿಯೂ ಇವೆ. ಸಾಧಾರಣ 9 ಮಿ.ಮೀ. ಪಿಸ್ತೂಲಿನ ಗುಂಡು ಸೆಕೆಂಡಿಗೆ 350–400 ಮೀಟರ್ ವೇಗದಲ್ಲಿ ಹೊರಟರೆ, ಈ ರೈಫಲ್‌ನ ಗುಂಡು 900 ಮೀಟರ್‌ಗೂ ಮಿಕ್ಕಿದ ವೇಗದಲ್ಲಿ ಹೊರಡುತ್ತದೆ. ಆ ವೇಗದ ಗುಂಡು ತಾನು ಹಾದುಹೋದ ದಾರಿಯನ್ನಷ್ಟೇ ಅಲ್ಲ, ಅದರ ಸುತ್ತಲಿನ ಅಂಗಾಂಶವನ್ನೂ ಹರಿದುಹಾಕಬಲ್ಲದು. 2012ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಂತಹ ರೈಫಲ್‌ನಿಂದ ಐದು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ 154 ಗುಂಡುಗಳು ಹಾರಿದವು. 20 ಮಕ್ಕಳು ಮತ್ತು 6 ಮಂದಿ ಸಿಬ್ಬಂದಿ ಸತ್ತರು.

ಹಾಗೆಂದು 'ಸೈನ್ಯದ್ದು' ಎಂಬ ಒಂದೇ ಕಾರಣಕ್ಕೆ ಯಾವ ಬಂದೂಕನ್ನೂ ನಿಷೇಧಿಸಬೇಕೆಂದು ನನಗೆ ಅನ್ನಿಸುವುದಿಲ್ಲ. ಇಂದಿನ ಬೋಲ್ಟ್ ರೈಫಲ್‌ಗಳಲ್ಲಿ ಬಹಳಷ್ಟು 1898ರ ಜರ್ಮನ್ ಮೌಸರ್ ಎಂಬ ಸೈನಿಕ ರೈಫಲ್‌ನ ವಂಶದವೇ ಆಗಿವೆ, ಮತ್ತು ಪ್ರತಿ ಗುಂಡಿಗೂ ಬೋಲ್ಟನ್ನು ಎತ್ತಿ, ಹಿಂದಕ್ಕೆಳೆದು, ಮುಂದೂಡಿ, ಕೆಳಗೊತ್ತಬೇಕಾದ ಅಂತಹ ಬಂದೂಕು ಬೇಟೆಗೂ ಗುರಿ ಅಭ್ಯಾಸಕ್ಕೂ ಸಾಕು. ಗೆರೆ ಎಳೆಯಬೇಕಾದುದು ತನ್ನಷ್ಟಕ್ಕೆ ತಾನೇ ಮುಂದಿನ ತೋಟೆಯನ್ನು ತುಂಬಿಕೊಳ್ಳುವ ಯಂತ್ರ ಮತ್ತು ಕಳಚಿ ಹಾಕಬಹುದಾದ ದೊಡ್ಡ ಮ್ಯಾಗಜೀನ್ ಎರಡೂ ಒಂದೇ ಆಯುಧದಲ್ಲಿ ಸೇರುವ ಕಡೆ. ಆ ಗೆರೆಯ ಆಚೆಗಿನ ರೈಫಲ್ ಸಾಮಾನ್ಯರಿಗೆ ಅಂಗಡಿಯಲ್ಲಿ ಸಿಗಬಾರದು ಎಂಬುದು ನನ್ನ ಅಭಿಪ್ರಾಯ. ಅಮೆರಿಕ 1994ರಲ್ಲಿ ತಂದ ನಿಷೇಧವು ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಜೀನ್‌ಗಳನ್ನು ತಡೆದದ್ದೇನೋ ಸರಿಯೇ. ಆದರೆ ರೈಫಲ್‌ಗಳ ವಿಷಯದಲ್ಲಿ ಬಯನೆಟ್ ಸಿಕ್ಕಿಸುವ ಕೊಕ್ಕೆ, ಭುಜಕ್ಕೊತ್ತುವ ಹಿಂಭಾಗವನ್ನು ಮಡಚುವ ವ್ಯವಸ್ಥೆ, ನಳಿಗೆಯ ತುದಿಯ ಜ್ವಾಲೆ ತಡೆಯುವ ಕವಚ ಮುಂತಾದ ಹೊರಗಿನ ಲಕ್ಷಣಗಳನ್ನು ಎಣಿಸಿದ್ದರಿಂದ, ತಯಾರಕರು ಒಂದೆರಡು ಲಕ್ಷಣಗಳನ್ನು ಕತ್ತರಿಸಿ ಅದೇ ರೈಫಲನ್ನು ಕಾನೂನುಬದ್ಧವಾಗಿಯೇ ಮಾರಿದರು. ಹತ್ತು ವರ್ಷದ ಗಡುವು ಮುಗಿದು 2004ರಲ್ಲಿ ಆ ಕಾನೂನೂ ಬಿದ್ದುಹೋಯಿತು.

ಪ್ರಶ್ನೆ: ಅಮೆರಿಕದಲ್ಲಿ ಬಂದೂಕಿನಿಂದಾಗುವ ಕೊಲೆಗಳಲ್ಲಿ ಬಹುಪಾಲು ಪಿಸ್ತೂಲಿನಿಂದಲೇ ಆಗುತ್ತವೆಯೆಂದು ಓದಿದ್ದೇನೆ. ಮೇಲಾಗಿ ಆಯುಧ ಹೊಂದುವುದು ಅಲ್ಲಿ ಸಂವಿಧಾನವೇ ಕೊಟ್ಟ ಹಕ್ಕು. ಹೀಗಿರುವಾಗ ರೈಫಲ್ ನಿಷೇಧದ ಮಾತು ಬರೀ ತೋರಿಕೆಯದಲ್ಲವೇ?
– ಕಾನೂನು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನೀವು ಓದಿದ್ದು ನಿಜ. ಎಲ್ಲ ಬಗೆಯ ರೈಫಲ್‌ಗಳನ್ನು ಒಟ್ಟುಗೂಡಿಸಿದರೂ ಕೊಲೆಗಳಲ್ಲಿ ಅವುಗಳ ಪಾಲು ಚಿಕ್ಕದು, ಮತ್ತು ಅಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. ರೈಫಲ್ ನಿಷೇಧದಿಂದ ಒಟ್ಟು ಸಾವಿನ ಸಂಖ್ಯೆ ಎದ್ದು ಕಾಣುವಷ್ಟು ಇಳಿಯುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ಅದನ್ನು ನಂಬಬೇಡಿ. ನಿಷೇಧದ ಕಾರಣ ಬೇರೆಯೇ ಇದೆ: ಒಬ್ಬನೇ ಮನುಷ್ಯ ಕೆಲವೇ ನಿಮಿಷಗಳಲ್ಲಿ ಎಷ್ಟು ಜನರನ್ನು ಕೊಲ್ಲಬಲ್ಲ ಮತ್ತು ಅವನನ್ನು ತಡೆಯಲು ಬಂದವರ ಗತಿಯೇನು ಎಂಬ ಪ್ರಶ್ನೆ ಅದು. 2022ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಯುವಾಲ್ಡೆಯ ಶಾಲೆಗೆ ಬಂದೂಕುಧಾರಿಯೊಬ್ಬ ನುಗ್ಗಿದಾಗ ಅಲ್ಲಿಗೆ ಧಾವಿಸಿದ ಭದ್ರತಾ ಸಿಬ್ಬಂದಿಯ ಸಂಖ್ಯೆ 376. ಆದರೂ ತರಗತಿಯೊಳಗೆ ನುಗ್ಗಲು 70 ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯಿತು, 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಸತ್ತರು. ನಾಯಕತ್ವದ ವೈಫಲ್ಯವೇ ಇದಕ್ಕೆ ಮುಖ್ಯ ಕಾರಣವೆಂದು ತನಿಖೆಗಳು ಹೇಳಿದವು, ಅದನ್ನು ಮರೆಮಾಚಬಾರದು. ಆದರೆ ಒಳಗಿರುವವನ ಕೈಯಲ್ಲಿ ಎಂತಹ ರೈಫಲ್ ಇದೆಯೆಂಬ ಭಯವನ್ನೂ ಅಲ್ಲಿದ್ದ ಅಧಿಕಾರಿಗಳು ಹೇಳಿಕೊಂಡಿದ್ದಾರೆ.

ಹಕ್ಕಿನ ವಿಷಯಕ್ಕೆ ಬಂದರೆ, ಆಯುಧ ಹೊಂದುವುದು ವ್ಯಕ್ತಿಯ ಹಕ್ಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ ಸಾರಿದ ಅದೇ ತೀರ್ಪಿನಲ್ಲಿ, ಎಂ-16ರಂತಹ ಸೈನಿಕ ಆಯುಧಗಳನ್ನು ನಿಷೇಧಿಸಬಹುದೆಂಬ ಸೂಚನೆಯೂ ಇದೆ. 'ಸಾಮಾನ್ಯ ಬಳಕೆಯಲ್ಲಿರುವ' ಆಯುಧಕ್ಕೆ ರಕ್ಷಣೆಯಿದೆ ಎಂಬ ತತ್ತ್ವವೂ ಅದರಲ್ಲಿಯೇ ಇದೆ. ಕೋಟಿಗಟ್ಟಲೆ ಮನೆಗಳಿಗೆ ಮಾರಿದ ಮೇಲೆ ಯಾವುದು ತಾನೇ ಸಾಮಾನ್ಯ ಬಳಕೆಯದಾಗುವುದಿಲ್ಲ ಎಂದು ಕೇಳಬೇಕೆನಿಸುತ್ತದೆ, ಆದರೆ ಅಲ್ಲಿನ ವ್ಯಾಜ್ಯವೆಲ್ಲ ನಿಂತಿರುವುದು ಈ ಮಾತಿನ ಮೇಲೆಯೇ. ಇಂತಹ ರೈಫಲ್‌ಗಳ ಮೇಲೆ ಮೇರಿಲ್ಯಾಂಡ್ ರಾಜ್ಯ ಹೇರಿದ ನಿಷೇಧವನ್ನು ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ 2025ರಲ್ಲಿ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಇಂತಹ ಹಕ್ಕಿನ ಕಟ್ಟಿಲ್ಲದ ದೇಶಗಳಲ್ಲಿ ನಿರ್ಧಾರ ಬೇಗ ಆಯಿತು. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಗುಂಡಿನ ದಾಳಿಗೆ 35 ಮಂದಿ ಸತ್ತ ಬಳಿಕ ಆಸ್ಟ್ರೇಲಿಯ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ಹಿಂಪಡೆಯಿತು. 2019ರಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಮಂದಿಯ ಹತ್ಯೆಯಾಗಿ ಒಂದು ತಿಂಗಳಾಗುವ ಮೊದಲೇ ನ್ಯೂಜಿಲೆಂಡ್ ಸಂಸತ್ತು 119–1 ಮತಗಳಿಂದ ನಿಷೇಧವನ್ನು ಅಂಗೀಕರಿಸಿತು.

ಪ್ರಶ್ನೆ: ಸ್ವಿಟ್ಜರ್ಲೆಂಡ್‌ನಲ್ಲಿ ಮನೆಮನೆಯಲ್ಲೂ ಸೈನ್ಯದ ರೈಫಲ್ ಇದೆ, ಆದರೂ ಅಲ್ಲಿ ಇಂತಹ ಹತ್ಯಾಕಾಂಡಗಳಾಗುವುದಿಲ್ಲ ಎನ್ನುತ್ತಾರಲ್ಲ?
– ಓದುಗರು, ಮಂಗಳೂರು

ಉತ್ತರ: ನನ್ನ ನಿಲುವಿಗೆ ಎದುರಾಗುವ ಅತ್ಯಂತ ಬಲವಾದ ಉದಾಹರಣೆ ಇದೇ. ಮನೆಮನೆಯಲ್ಲೂ ಎಂಬುದು ಅತಿಶಯೋಕ್ತಿ, ಆದರೆ ಕಡ್ಡಾಯ ಸೇವೆಯಲ್ಲಿರುವ ಸೈನಿಕರು ತಮ್ಮ ರೈಫಲನ್ನು ಮನೆಗೆ ಒಯ್ಯುವುದು ನಿಜ. ಅದರೊಂದಿಗೆ ಮನೆಯಲ್ಲಿಡಲು ಕೊಡುತ್ತಿದ್ದ ಮೊಹರು ಹಾಕಿದ ಮದ್ದುಗುಂಡಿನ ಡಬ್ಬಿಯನ್ನು 2007ರ ತೀರ್ಮಾನದಂತೆ ಹಿಂಪಡೆಯಲಾಗಿದೆ. ಸೇವೆ ಮುಗಿದ ಮೇಲೆ ರೈಫಲನ್ನು ಕೊಂಡು ಇಟ್ಟುಕೊಳ್ಳಬೇಕೆನ್ನುವವರು ಪರವಾನಗಿ ಪಡೆಯಬೇಕು, ಮತ್ತು ಅದರ ಸ್ವಯಂಚಾಲಿತ ಭಾಗವನ್ನು ತೆಗೆದ ಬಳಿಕವೇ ಅದು ಅವರ ಕೈ ಸೇರುತ್ತದೆ. 2019ರ ಜನಮತಗಣನೆಯಲ್ಲಿ ಸುಮಾರು ಶೇ. 64ರಷ್ಟು ಮತದಾರರು ಇನ್ನೂ ಬಿಗಿಯಾದ ನಿಯಮಗಳಿಗೆ ಒಪ್ಪಿಗೆ ಕೊಟ್ಟರು. ಅಲ್ಲಿ ರೈಫಲ್‌ಗಿಂತ ಮೊದಲು ತರಬೇತಿ, ದಾಖಲೆ ಮತ್ತು ತಪಾಸಣೆ ಬರುತ್ತವೆ. ಆ ಮೂರನ್ನೂ ಬಿಟ್ಟು ರೈಫಲನ್ನು ಮಾತ್ರ ಉದಾಹರಣೆಯಾಗಿ ಎತ್ತಿಕೊಳ್ಳುವುದು ನ್ಯಾಯವಲ್ಲ.

ಪ್ರಶ್ನೆ: ಕೊಡವರಿಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ. ನಮ್ಮ ಅಜ್ಜ ಸೈನ್ಯದಲ್ಲಿದ್ದಾಗ ಹಿಡಿದದ್ದು .303 ರೈಫಲ್. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಂದು ಪೂಜೆಗಿಡಲು ಅಂತಹುದೊಂದನ್ನು ಕೊಳ್ಳಬೇಕೆಂದರೆ ಸಾಧ್ಯವಿಲ್ಲ ಎನ್ನುತ್ತಾರೆ. ಏಕೆ?
– ಕಾಫಿ ಬೆಳೆಗಾರರು, ವಿರಾಜಪೇಟೆ

ಉತ್ತರ: ನಿಮಗಿರುವ ವಿನಾಯಿತಿ 1861ರಷ್ಟು ಹಳೆಯದು; 1857ರ ಬಂಡಾಯದ ಬಳಿಕ ದೇಶದ ಉಳಿದ ಜನರ ಕೈಯಿಂದ ಆಯುಧ ಕಿತ್ತುಕೊಂಡ ಬ್ರಿಟಿಷರು ಕೊಡವರನ್ನು ಅದರಿಂದ ಹೊರಗಿಟ್ಟರು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ಅದು ಅನ್ವಯಿಸುವುದು ನಿಷೇಧಿತವಲ್ಲದ ಆಯುಧಗಳಿಗೆ ಮಾತ್ರ, ಮತ್ತು .303 ನಿಷೇಧಿತ ಬೋರ್‌ನ (ನಳಿಗೆಯ ಒಳಅಳತೆಯ) ಪಟ್ಟಿಯಲ್ಲಿದೆ.

ನಮ್ಮ ಕಾನೂನು ಈ ಗೆರೆಯನ್ನು ಎಳೆದಿರುವ ಬಗೆ ಕುತೂಹಲಕರವಾಗಿದೆ. ಬಂದೂಕಿನ ರೂಪವನ್ನು ನೋಡುವುದಕ್ಕಿಂತ ಹೆಚ್ಚಾಗಿ, ಸೈನ್ಯ ಮತ್ತು ಪೊಲೀಸರ ತೋಟೆ ಅದರಲ್ಲಿ ಹೊಗುತ್ತದೆಯೇ ಎಂದು ಅದು ನೋಡುತ್ತದೆ. .303, 7.62 ಮಿ.ಮೀ., 9 ಮಿ.ಮೀ. ಇವೆಲ್ಲ ಆ ಕಾರಣಕ್ಕೆ ನಿಷಿದ್ಧ. ಸರ್ಕಾರಿ ಉಗ್ರಾಣದಿಂದ ಕದ್ದ ಮದ್ದುಗುಂಡು ಜನರ ಬಂದೂಕಿಗೆ ಉಪಯೋಗಕ್ಕೆ ಬರಬಾರದೆಂಬ ಬ್ರಿಟಿಷರ ಕಾಲದ ಭಯದಿಂದ ಹುಟ್ಟಿದ ನಿಯಮವಿದು. ಅದರ ಫಲವೇ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ .315 ಸ್ಪೋರ್ಟಿಂಗ್ ರೈಫಲ್. ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವ ಇದರ ಬೋಲ್ಟಿನ ವ್ಯವಸ್ಥೆ ನಿಮ್ಮ ಅಜ್ಜ ಹಿಡಿದ ಲೀ-ಎನ್‌ಫೀಲ್ಡ್‌ನದೇ. ನಳಿಗೆ ಮತ್ತು ತೋಟೆ ಮಾತ್ರ ಬೇರೆ. ಅಂದರೆ ಸೈನಿಕ ರೈಫಲ್‌ನ ನಾಗರಿಕ ರೂಪವನ್ನು ಭಾರತ ಸರ್ಕಾರವೇ ಹಲವು ದಶಕ ತಯಾರಿಸಿ ಮಾರಿದೆ. ಎದುರಿಗಿರುವವನ ಪ್ರಾಣದ ದೃಷ್ಟಿಯಿಂದ ನೋಡಿದರೆ .303ಕ್ಕೂ .315ಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲ, ಆದ್ದರಿಂದ ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ. ಅದೇ ಕಾನೂನು ಅರೆ-ಸ್ವಯಂಚಾಲಿತ ರೈಫಲ್‌ಗಳನ್ನೂ, ಅಂದರೆ ಪ್ರತಿ ಗುಂಡಿಗೂ ಟ್ರಿಗರ್ ಎಳೆಯಬೇಕಾದರೂ ಮುಂದಿನ ತೋಟೆಯನ್ನು ತಾವೇ ತುಂಬಿಕೊಳ್ಳುವವನ್ನೂ, ನಿಷೇಧಿತ ವರ್ಗಕ್ಕೆ ಸೇರಿಸಿದೆ. ಈ ಭಾಗ ಮಾತ್ರ ಯಾವ ಕಾರಣಕ್ಕೂ ಸಡಿಲವಾಗಬಾರದು. ನಿಷೇಧಿತ ಆಯುಧದ ಪರವಾನಗಿಯನ್ನು ಜಿಲ್ಲಾಧಿಕಾರಿ ಕೊಡಲಾರರು, ಅದು ಕೇಂದ್ರ ಗೃಹ ಸಚಿವಾಲಯದ ಅಧಿಕಾರ. ಅದಿಲ್ಲದೆ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಏಳು ವರ್ಷ ಸೆರೆವಾಸವಿದೆ. ಪೂಜೆಗೆ .315 ಆಗಲಿ, ಮನೆಯಲ್ಲಿರುವ ಜೋಡಿ ನಳಿಗೆಯ ಕೋವಿಯಾಗಲಿ ಸಾಕಲ್ಲವೇ?

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಉತ್ತರ ಕೆರೊಲಿನಾದಲ್ಲಿದ್ದೇನೆ. ಸಹೋದ್ಯೋಗಿಯೊಬ್ಬರು ಎಆರ್-15 ಕೊಳ್ಳುವಂತೆ ಒತ್ತಾಯಿಸುತ್ತಿದ್ದಾರೆ. ಕೊಳ್ಳಬಹುದೇ? ಊರಿಗೆ ಮರಳುವಾಗ ತರಬಹುದೇ?
– ಸಾಫ್ಟ್‌ವೇರ್ ಎಂಜಿನಿಯರ್

ಉತ್ತರ: ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಕೊಳ್ಳುವುದನ್ನೂ ಹೊಂದುವುದನ್ನೂ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಮಾನ್ಯವಾದ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿಯಿದೆ, ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ಗುರಿ ಅಭ್ಯಾಸದ ಕೇಂದ್ರದಲ್ಲಿ ಬಾಡಿಗೆಗೆ ಪಡೆದು ಹಾರಿಸುವುದೂ ಹೊಂದಿದಂತೆಯೇ ಎಣಿಕೆಯಾಗುವುದರಿಂದ, ಸಹೋದ್ಯೋಗಿಯ ಮಾತಿಗಿಂತ ಮೊದಲು ಅಲ್ಲಿನ ವಕೀಲರೊಬ್ಬರ ಮಾತು ಕೇಳಿ. ತಪ್ಪಿದರೆ ವೀಸಾಕ್ಕೂ ಕುತ್ತು ಬರಬಹುದು. ಭಾರತಕ್ಕಂತೂ ಅದನ್ನು ತರುವಂತಿಲ್ಲ, ಇಲ್ಲಿ ಅದು ನಿಷೇಧಿತ ಆಯುಧ.