ಇಳಿಸಿಕೊಂಡ ವಿಡಿಯೊ ಎಲ್ಲಿ ಹೋಯಿತು?

ನೆಟ್ ಇಲ್ಲದ ಕಡೆ ವಿಡಿಯೊ ನೋಡುವ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಐದು ಪ್ರಶ್ನೆಗಳು ಇಲ್ಲಿವೆ. ಊರು ಬೇರೆ, ಅಗತ್ಯ ಬೇರೆಯಾದರೂ ಐದರ ಬೇರೂ ಒಂದೇ. ಅದನ್ನು ಮೊದಲ ಉತ್ತರದಲ್ಲಿ ಬಿಡಿಸಿ ಹೇಳಿದ್ದೇವೆ. ಉಳಿದವರೂ ಅದನ್ನು ಓದಿಕೊಂಡೇ ಮುಂದೆ ಹೋಗಿ.

ಪ್ರಶ್ನೆ: ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದು ಸಿಇಟಿಗೆ ಓದುತ್ತಿದ್ದೇನೆ. ಶನಿವಾರ ಜಗಳೂರು ಕಡೆಯ ನಮ್ಮ ಹಳ್ಳಿಗೆ ಹೋಗುವಾಗ ಯೂಟ್ಯೂಬ್‌ನ ಭೌತಶಾಸ್ತ್ರದ ಪಾಠಗಳನ್ನು ಡೌನ್‌ಲೋಡ್ ಮಾಡಿಕೊಂಡು ಹೋಗುತ್ತೇನೆ. ಊರಲ್ಲಿ ಸಿಗ್ನಲ್ ಸಿಗುವುದಿಲ್ಲ. ಸೋಮವಾರದ ಹೊತ್ತಿಗೆ ಕೆಲವು ಪಾಠ ಓಡುತ್ತವೆ, ಕೆಲವು ಓಡುವುದಿಲ್ಲ. ಗ್ಯಾಲರಿಯಲ್ಲಿ ಹುಡುಕಿದರೆ ಒಂದೂ ಇಲ್ಲ. ಯಾಕೆ ಹೀಗೆ?

ಉತ್ತರ: ನಾವೆಲ್ಲ ‘ಡೌನ್‌ಲೋಡ್’ ಎಂದು ಕರೆಯುವುದರಲ್ಲಿ ಎರಡು ಬಗೆ ಇದೆ. ಒಂದು, ಫೈಲ್ ಆಗಿ ಇಳಿಯುವುದು. ಅದು ಫೋನಿನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಕೂರುತ್ತದೆ, ಗ್ಯಾಲರಿಯಲ್ಲಿ ಕಾಣುತ್ತದೆ, ಬೇರೆಯವರಿಗೆ ಕಳಿಸಬಹುದು, ನೀವಾಗಿ ಅಳಿಸುವ ತನಕ ಇರುತ್ತದೆ. ಇನ್ನೊಂದು, ಆ್ಯಪ್‌ನ ಒಳಗೇ ಉಳಿಯುವುದು. ಯೂಟ್ಯೂಬ್‌ನ ಡೌನ್‌ಲೋಡ್ ಈ ಎರಡನೆಯ ಬಗೆ. ಪೆಟ್ಟಿಗೆ ನಿಮ್ಮ ಮನೆಯಲ್ಲಿದೆ, ಬೀಗದ ಕೈ ಮಾತ್ರ ಅವರ ಹತ್ತಿರ. ವಿಡಿಯೊ ಗೂಢಲಿಪಿಯಲ್ಲಿ ಇರುವುದರಿಂದ ಗ್ಯಾಲರಿಗೆ ಅದು ವಿಡಿಯೊ ಎಂದೇ ಗೊತ್ತಾಗುವುದಿಲ್ಲ.

ಬೀಗ ತೆರೆಯಲು ಆ್ಯಪ್ ಆಗಾಗ ನೆಟ್‌ಗೆ ಹೋಗಿ ಅನುಮತಿ ನವೀಕರಿಸಿಕೊಳ್ಳಬೇಕು. ಹೆಚ್ಚಿನ ವಿಡಿಯೊಗಳಿಗೆ ಈ ಗಡುವು ಸುಮಾರು ಒಂದು ತಿಂಗಳು. ಕೆಲವಕ್ಕೆ 48 ಗಂಟೆ ಮಾತ್ರ. ಶನಿವಾರ ಬೆಳಿಗ್ಗೆ ಇಳಿಸಿದ್ದು ಸೋಮವಾರ ಬೆಳಿಗ್ಗೆ ನಿಂತುಹೋಗಿದ್ದರೆ ಅದು ಈ 48 ಗಂಟೆಯ ಲೆಕ್ಕವೇ. ವಿಡಿಯೊ ಅಳಿಸಿಹೋಗಿಲ್ಲ, ನೆಟ್ ಸಿಕ್ಕ ಕೂಡಲೇ ಮತ್ತೆ ಓಡುತ್ತದೆ. ಆದರೆ ಚಾನೆಲ್‌ನವರೇ ಆ ವಿಡಿಯೊ ತೆಗೆದುಹಾಕಿದ್ದರೆ, ಮುಂದಿನ ಸಲ ನೆಟ್‌ಗೆ ಸೇರಿದಾಗ ನಿಮ್ಮ ಫೋನಿನಿಂದಲೂ ಹೋಗುತ್ತದೆ.

ಆದ್ದರಿಂದ ಶುಕ್ರವಾರ ರಾತ್ರಿ ಇಳಿಸಿಟ್ಟು ಸುಮ್ಮನಾಗಬೇಡಿ. ಶನಿವಾರ ಬಸ್ ಹತ್ತುವ ಮುಂಚೆ ಆ್ಯಪ್ ತೆರೆದು, ಕೆಳಗಿನ ಸಾಲಿನ ಬಲತುದಿಯಲ್ಲಿರುವ ನಿಮ್ಮ ಖಾತೆಯ ಗುರುತು ಒತ್ತಿ, ಡೌನ್‌ಲೋಡ್ಸ್‌ಗೆ ಹೋಗಿ, ನೆಟ್ ಆನ್ ಇರುವಾಗಲೇ ಒಂದೆರಡು ನಿಮಿಷ ಬಿಡಿ. ಆಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಪ್ರತಿ ಪಾಠವನ್ನೂ ಹತ್ತು ಸೆಕೆಂಡ್ ಓಡಿಸಿ ನೋಡಿ, ನಡುವೆ ಒಮ್ಮೆ, ಕೊನೆಯ ಭಾಗಕ್ಕೆ ಎಳೆದು ಒಮ್ಮೆ. ಅರ್ಧ ಇಳಿದು ನಿಂತದ್ದು ಆಗಲೇ ಸಿಕ್ಕಿಬೀಳುತ್ತದೆ. ಈ ಒಂದು ಪರೀಕ್ಷೆ ಮಾಡುವವರು ಬಹಳ ಕಡಿಮೆ. ಊರಿಗೆ ಹೋದ ಮೇಲೆ ಪೇಚಾಡುವವರೇ ಹೆಚ್ಚು.

ಇನ್ನು ಮೂರು ಎಚ್ಚರಿಕೆ. ಯಾವ ಗೂಗಲ್ ಖಾತೆಯಲ್ಲಿದ್ದು ಇಳಿಸಿದಿರೋ ಅದೇ ಖಾತೆಯಲ್ಲಿ ಇರಬೇಕು. ಗೆಳೆಯ ನಿಮ್ಮ ಫೋನಿನಲ್ಲಿ ತನ್ನ ಖಾತೆಗೆ ಬದಲಿಸಿಕೊಂಡರೆ ನಿಮ್ಮ ಪಟ್ಟಿ ಖಾಲಿಯಾಗಿ ಕಾಣುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ನ ‘ಕ್ಲಿಯರ್ ಡೇಟಾ’ ಒತ್ತಬೇಡಿ, ಎಲ್ಲ ಡೌನ್‌ಲೋಡ್ ಹೋಗುತ್ತದೆ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೂ ಅಷ್ಟೇ. ಮೂರನೆಯದು ಬ್ಯಾಟರಿ ಸೇವರ್: ಪರದೆ ಆರಿದ ಮೇಲೆ ಅದು ಹಿನ್ನೆಲೆಯ ಡೌನ್‌ಲೋಡ್ ತಡೆಯಬಹುದು. ಇಳಿಸುವಾಗ ಅದನ್ನು ಆಫ್ ಮಾಡಿ, ಫೋನನ್ನು ಚಾರ್ಜಿಗೆ ಹಾಕಿಡಿ.

ಡೇಟಾ ಲೆಕ್ಕವನ್ನೂ ಹೇಳಿಬಿಡುತ್ತೇವೆ, ಹಾಸ್ಟೆಲ್‌ನಲ್ಲಿ ಅದೇ ಮುಖ್ಯ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದರೆ, ಉಳಿದ ಡೇಟಾ ಸಾಮಾನ್ಯವಾಗಿ ಮಧ್ಯರಾತ್ರಿ 12ಕ್ಕೆ ಹೊಸ ದಿನದ ಲೆಕ್ಕ ಶುರುವಾಗುತ್ತಿದ್ದಂತೆ ಹೋಗುತ್ತದೆ. ರಾತ್ರಿ 10ರ ಹೊತ್ತಿಗೆ ಎಷ್ಟು ಉಳಿದಿದೆ ನೋಡಿ ಅಷ್ಟಕ್ಕೂ ಪಾಠ ಇಳಿಸಿಕೊಳ್ಳಿ. 700 ಎಂಬಿ ಉಳಿದಿದ್ದರೆ 360ಪಿ ಗುಣಮಟ್ಟದಲ್ಲಿ ಎರಡೂವರೆ ಗಂಟೆಯ ಪಾಠ ಬರುತ್ತದೆ. ಮಿತಿ ಮುಗಿದ ಮೇಲೆ ಪ್ರಯತ್ನಿಸಿ ಫಲವಿಲ್ಲ. ವೇಗ 64 ಕೆಬಿಪಿಎಸ್‌ಗೆ ಇಳಿದರೆ ಗಂಟೆಗೆ 29 ಎಂಬಿ ಮಾತ್ರ ಬರುತ್ತದೆ, ಒಂದೇ ಪಾಠಕ್ಕೆ ರಾತ್ರಿಯಿಡೀ ಬೇಕಾದೀತು. ರೈಲಿನಲ್ಲಿ ಓಡಾಡುವವರಿಗೆ ಇನ್ನೊಂದು ದಾರಿ ಇದೆ. ರೈಲ್‌ವೈರ್ ವೈಫೈ ಇರುವ ನಿಲ್ದಾಣಗಳಲ್ಲಿ ದಿನದ ಮೊದಲ 30 ನಿಮಿಷ 1 ಎಂಬಿಪಿಎಸ್ ವೇಗದಲ್ಲಿ ಉಚಿತ. ಪೂರ್ತಿ ವೇಗ ಸಿಕ್ಕರೆ 225 ಎಂಬಿ, ಅಂದರೆ ಮುಕ್ಕಾಲು ಗಂಟೆಗೂ ಮಿಕ್ಕಿದ ಒಂದು ಪಾಠ.

ಪ್ರಶ್ನೆ: ಚಳ್ಳಕೆರೆಯಲ್ಲಿ ಹೊಲಿಗೆ ಅಂಗಡಿ ಇದೆ. ಬ್ಲೌಸ್ ಕಟಿಂಗ್ ವಿಡಿಯೊಗಳನ್ನು ಫೋನಿನಲ್ಲಿಟ್ಟು ನೋಡಿಕೊಂಡು ಕತ್ತರಿಸುತ್ತೇನೆ. ಫೋನು 64 ಜಿಬಿಯದು. ಜಾಗ ಇಲ್ಲ ಎಂದಿತು, 128 ಜಿಬಿ ಮೆಮರಿ ಕಾರ್ಡ್ ಹಾಕಿಸಿದೆ. ಈಗಲೂ ಜಾಗ ಇಲ್ಲ ಎನ್ನುತ್ತಿದೆ. ಕಾರ್ಡ್ ಖಾಲಿಯೇ ಇದೆ.

ಉತ್ತರ: ಕಾರ್ಡ್ ಹಾಕಿದ ಮಾತ್ರಕ್ಕೆ ಆ್ಯಪ್ ಅದನ್ನು ಬಳಸುವುದಿಲ್ಲ, ಹೇಳಿಕೊಡಬೇಕು. ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್ ಒತ್ತಿ, ‘ಯೂಸ್ ಎಸ್‌ಡಿ ಕಾರ್ಡ್’ ಆನ್ ಮಾಡಿ. ಮುಂದೆ ಇಳಿಸುವುದು ಕಾರ್ಡ್‌ಗೆ ಹೋಗುತ್ತದೆ. ಹಳೆಯವು ಫೋನಿನಲ್ಲೇ ಉಳಿದಿರುತ್ತವೆ, ಅವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ. ಇಲ್ಲಿಯೂ ಬೀಗದ ಮಾತು ನೆನಪಿರಲಿ: ಆ ಕಾರ್ಡ್ ತೆಗೆದು ಬೇರೆ ಫೋನಿಗೆ ಹಾಕಿದರೆ ವಿಡಿಯೊ ಓಡುವುದಿಲ್ಲ.

ಗುಣಮಟ್ಟ ಆರಿಸುವಾಗ ನಿಮ್ಮ ಕೆಲಸ ನೋಡಿ ಆರಿಸಿ. 144ಪಿಯಲ್ಲಿ ಗಂಟೆಗೆ 100 ಎಂಬಿಗಿಂತ ಕಡಿಮೆ ಸಾಕು, ಆದರೆ ಟೇಪಿನ ಮೇಲಿನ ಅಂಕಿ, ಚಾಕ್‌ಪೀಸ್ ಗೆರೆ ಕಾಣುವುದಿಲ್ಲ. ಕಾಲು ಇಂಚು ತಪ್ಪಿದರೆ ಬಟ್ಟೆ ಹಾಳು. 360ಪಿಗೆ ಗಂಟೆಗೆ ಸುಮಾರು 250 ಎಂಬಿ ಬೇಕು, ಕಟಿಂಗ್‌ಗೆ ಇದು ಕನಿಷ್ಠ. ಪ್ರೀಮಿಯಂ ಹಣ ಕಟ್ಟದವರಿಗೆ ಯೂಟ್ಯೂಬ್ ಕೊಡುವುದೂ ಅಲ್ಲಿಯವರೆಗೆ. 720ಪಿಗೆ 700ರಿಂದ 900 ಎಂಬಿ ಹೋಗುತ್ತದೆ. ಲೆಕ್ಕ ಹಾಕುವ ಸೂತ್ರ ಸುಲಭ: ವಿಡಿಯೊ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಇದೆಯೋ ಅದನ್ನು 450ರಿಂದ ಗುಣಿಸಿದರೆ ಒಂದು ಗಂಟೆಗೆ ಬೇಕಾಗುವ ಎಂಬಿ ಸಿಗುತ್ತದೆ. ಮೇಜಿನ ಮೇಲೆ ಬಟ್ಟೆ ಹಾಸಿ ತೋರಿಸುವ ವಿಡಿಯೊದಲ್ಲಿ ಚಿತ್ರ ಅಷ್ಟಾಗಿ ಅಲುಗಾಡದ ಕಾರಣ ಮೇಲೆ ಹೇಳಿದ ಎಂಬಿಗಿಂತ ಕಡಿಮೆಯೇ ಆಗುತ್ತದೆ. ಅದೇ ಕ್ರಿಕೆಟ್ ಆಟವಾದರೆ ಹೆಚ್ಚು.

ಕಾರ್ಡ್ ಬಗ್ಗೆ ಒಂದು ಮಾತು. 128 ಜಿಬಿ ಕಾರ್ಡ್‌ನಲ್ಲಿ 119 ಜಿಬಿ ಎಂದು ತೋರಿಸಿದರೆ ಮೋಸವಲ್ಲ, ತಯಾರಕರು ಸಾವಿರದ ಲೆಕ್ಕದಲ್ಲೂ ಫೋನು 1024ರ ಲೆಕ್ಕದಲ್ಲೂ ಎಣಿಸುವುದರ ವ್ಯತ್ಯಾಸ ಅದು. ಆದರೆ ತೀರಾ ಅಗ್ಗಕ್ಕೆ ಸಿಕ್ಕ ದೊಡ್ಡ ಕಾರ್ಡ್‌ನಲ್ಲಿ ಮೊದಲ ಕೆಲವು ವಿಡಿಯೊ ಸರಿಯಾಗಿ ಓಡಿ, ಆಮೇಲೆ ಹಾಕಿದವೆಲ್ಲ ಕೆಟ್ಟರೆ ಅದು ನಕಲಿ. ಒಳಗೆ 8 ಅಥವಾ 16 ಜಿಬಿ ಮಾತ್ರ ಇದ್ದು, ಹೊರಗೆ 128 ಎಂದು ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ಬಿಲ್ ಕೊಡುವ ಅಂಗಡಿಯಲ್ಲಿ, ‘ಕ್ಲಾಸ್ 10’ ಮತ್ತು ‘ಎ1’ ಗುರುತು ಇರುವ ಕಾರ್ಡ್ ತೆಗೆದುಕೊಳ್ಳಿ.

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತೋಟವಿದೆ. ಬೋರ್ಡೋ ದ್ರಾವಣ ಮಾಡುವ ವಿಡಿಯೊವನ್ನು ತೋಟದಲ್ಲೇ ಕೆಲಸದವರಿಗೆ ತೋರಿಸಬೇಕು, ಅವರ ಫೋನಿಗೂ ಹಾಕಿಕೊಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಒಂದು ಆ್ಯಪ್‌ನ ಲಿಂಕ್ ಬಂದಿದೆ, ಅದರಲ್ಲಿ ಯಾವ ವಿಡಿಯೊ ಬೇಕಾದರೂ ಇಳಿಸಬಹುದಂತೆ. ಹಾಕಿಕೊಳ್ಳಬಹುದೇ?

ಉತ್ತರ: ಬೇಡ. ದಯವಿಟ್ಟು ಬೇಡ. ಪ್ಲೇಸ್ಟೋರ್‌ನ ಹೊರಗಿನಿಂದ ಬರುವ ಇಂಥ ಎಪಿಕೆ (ಆ್ಯಪ್ ಹಾಕಿಕೊಳ್ಳುವ) ಫೈಲ್‌ಗಳನ್ನು ಯಾರು ಮಾಡಿದರು, ಒಳಗೆ ಏನು ಸೇರಿಸಿದರು ಎಂದು ನೋಡುವವರಿಲ್ಲ. ವಿಡಿಯೊ ಇಳಿಸುವ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಓದುವ ಅಗತ್ಯವಿಲ್ಲ. ಆಕ್ಸೆಸಿಬಿಲಿಟಿ ಅನುಮತಿಯಂತೂ ಬೇಡವೇ ಬೇಡ, ಅದನ್ನು ಕೊಟ್ಟರೆ ಪರದೆಯ ಮೇಲೆ ಏನಿದೆ ಎಂದು ಓದುವುದಷ್ಟೇ ಅಲ್ಲ, ನಿಮ್ಮ ಪರವಾಗಿ ಗುಂಡಿ ಒತ್ತಲೂ ಅದಕ್ಕೆ ಸಾಧ್ಯ. ಬ್ಯಾಂಕಿನ ಓಟಿಪಿ ಬರುವ ಫೋನಿನಲ್ಲಿ ಇಷ್ಟು ಬಿಟ್ಟುಕೊಡಬಾರದು. ಈಗಾಗಲೇ ಹಾಕಿದ್ದರೆ ತೆಗೆದುಹಾಕಿ, ಪ್ಲೇಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ ‘ಪ್ಲೇ ಪ್ರೊಟೆಕ್ಟ್’ನಿಂದ ಸ್ಕ್ಯಾನ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಯೂಟ್ಯೂಬ್‌ನ ಷರತ್ತುಗಳೂ ತನ್ನದೇ ಡೌನ್‌ಲೋಡ್ ಗುಂಡಿ ಬಿಟ್ಟು ಬೇರೆ ದಾರಿಯಲ್ಲಿ ಇಳಿಸುವುದನ್ನು ಒಪ್ಪುವುದಿಲ್ಲ.

ನಿಮಗೆ ಬೇಕಿರುವುದು ಹಂಚಬಹುದಾದ ಫೈಲ್. ಅದನ್ನು ಕೇಳಿ ಪಡೆಯುವುದೇ ನೇರ ದಾರಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನೋ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯನ್ನೋ ವಿಚಾರಿಸಿ. ಹಿರಿಯೂರು ಕಡೆಯವರಿಗೆ ಬಬ್ಬೂರು ಫಾರಂನ ಕೇಂದ್ರ ಹತ್ತಿರ. ಅವರ ಬಳಿ ವಿಡಿಯೊ ಇದ್ದರೆ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಮಾಮೂಲಿ ವಿಡಿಯೊದಂತೆ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆದರೆ 2 ಜಿಬಿವರೆಗೆ ಇದ್ದದ್ದು ಇದ್ದ ಹಾಗೇ ಬರುತ್ತದೆ. ಅದೂ ಆಗದಿದ್ದರೆ, ಗೊತ್ತಿರುವವರು ದ್ರಾವಣ ಮಾಡುವಾಗ ನೀವೇ ಫೋನಿನಲ್ಲಿ ಚಿತ್ರೀಕರಿಸಿ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೂರು ನಿಮಿಷದ ವಿಡಿಯೊದಲ್ಲಿ ಎಲ್ಲ ಮುಗಿಯುತ್ತದೆ. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯದು: ನಿಮ್ಮದೇ ಡ್ರಮ್ಮು, ನಿಮ್ಮದೇ ಅಳತೆ, ಕೆಲಸದವರಿಗೂ ಗುರುತು ಹತ್ತುತ್ತದೆ.

ತೋಟದಲ್ಲಿ ನೆಟ್ ಇಲ್ಲದೆ ಫೋನಿಂದ ಫೋನಿಗೆ ಕಳಿಸಲು ‘ಕ್ವಿಕ್ ಶೇರ್’ ಸಾಕು. ಹೆಚ್ಚಿನ ಆಂಡ್ರಾಯ್ಡ್ ಫೋನಿನಲ್ಲಿ ಮೊದಲೇ ಇರುತ್ತದೆ. ಎರಡೂ ಫೋನಿನಲ್ಲಿ ಬ್ಲೂಟೂತ್, ವೈಫೈ, ಲೊಕೇಶನ್ ಆನ್ ಮಾಡಿ. ಪಡೆಯುವ ಫೋನಿನಲ್ಲಿ ‘ಎಲ್ಲರಿಗೂ ಕಾಣಲಿ’ ಎಂಬುದನ್ನು ಆರಿಸಿ ಹತ್ತಿರ ಹಿಡಿಯಿರಿ. ಶೇರ್‌ಇಟ್, ಕ್ಸೆಂಡರ್ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿದ್ದವು, ಹಳೆಯ ಫೋನಿನಲ್ಲಿ ಉಳಿದಿದ್ದರೆ ಬಳಸಬೇಡಿ.

ಪ್ರಶ್ನೆ: ಮಗಳ ಮದುವೆಯ ವಿಡಿಯೊವನ್ನು ಸ್ಟುಡಿಯೊದವರು ಗೂಗಲ್ ಡ್ರೈವ್ ಲಿಂಕ್‌ನಲ್ಲಿ ಕಳಿಸಿದ್ದಾರೆ, 6 ಜಿಬಿ ಇದೆ. ‘ಆಫ್‌ಲೈನ್’ ಮಾಡಿಟ್ಟರೂ ಪೆನ್‌ಡ್ರೈವ್‌ಗೆ ಹಾಕಲು ಫೈಲ್ ಸಿಗುತ್ತಿಲ್ಲ. ಹೊನ್ನಾಳಿಯ ಮನೆಯ ಟಿವಿಯಲ್ಲಿ ಎಲ್ಲರೂ ಕೂತು ನೋಡಬೇಕೆಂದಿದೆ.

ಉತ್ತರ: ಡ್ರೈವ್‌ನಲ್ಲೂ ಅದೇ ಎರಡು ಬಗೆ. ‘ಮೇಕ್ ಅವೈಲಬಲ್ ಆಫ್‌ಲೈನ್’ ಒತ್ತಿದರೆ ಆ್ಯಪ್‌ನೊಳಗೇ ಉಳಿಯುತ್ತದೆ. ಫೈಲ್ ಪಕ್ಕದ ಮೂರು ಚುಕ್ಕಿ ಒತ್ತಿ ‘ಡೌನ್‌ಲೋಡ್’ ಆರಿಸಿ, ಆಗ ಡೌನ್‌ಲೋಡ್ಸ್ ಫೋಲ್ಡರ್‌ಗೆ ಬರುತ್ತದೆ. ಬ್ರೌಸರ್‌ನಲ್ಲಿ ತೆರೆದರೆ ‘ವೈರಸ್ ಪರೀಕ್ಷೆ ಮಾಡಲಾಗದು’ ಎಂಬ ಸೂಚನೆ ಬರಬಹುದು. ಗಾತ್ರ ದೊಡ್ಡದಿರುವುದೇ ಕಾರಣ, ನಿಮ್ಮದೇ ಸ್ಟುಡಿಯೊ ಕಳಿಸಿದ್ದಾದ್ದರಿಂದ ಮುಂದುವರಿಯಿರಿ. ಫೋನಿನಲ್ಲಿ 8 ಜಿಬಿಯಾದರೂ ಖಾಲಿ ಇರಲಿ.

ಮುಂದಿನ ತೊಡಕು ಪೆನ್‌ಡ್ರೈವ್‌ನದು. 32 ಜಿಬಿವರೆಗಿನ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ವ್ಯವಸ್ಥೆಯಲ್ಲಿರುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಎಷ್ಟೇ ಜಾಗ ಖಾಲಿ ಇದ್ದರೂ ನಿರಾಕರಿಸುತ್ತದೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಹಿಡಿಸುತ್ತದೆ, ಆದರೆ ಹಳೆಯ ಟಿವಿಗಳಲ್ಲಿ ಕೆಲವು ಅದನ್ನು ಓದುವುದಿಲ್ಲ. ಟಿವಿಯಲ್ಲಿ ಧ್ವನಿ ಬಂದು ಚಿತ್ರ ಕಪ್ಪಾಗಿದ್ದರೆ, ವಿಡಿಯೊ ಎಚ್.265 (ವಿಡಿಯೊ ಹಿಂಡಿಡುವ ಹೊಸ ಬಗೆ) ಅಥವಾ 4ಕೆ (ತೀರಾ ಹೆಚ್ಚಿನ ಸ್ಪಷ್ಟತೆ) ಇದ್ದು ಟಿವಿಯ ಚಿಪ್‌ಗೆ ಬಿಡಿಸಲು ಬಾರದು ಎಂದರ್ಥ. ಫೋನಿನಲ್ಲಿ ಆದರೆ ವಿಡಿಯೊ ಓಡಿಸುವ ವಿಎಲ್‌ಸಿ ಆ್ಯಪ್ ಹಾಕಿಕೊಂಡರೆ ಓಡೀತು, ಟಿವಿಗೆ ಅದು ಉಪಾಯವಲ್ಲ. ಸ್ಟುಡಿಯೊದವರಿಗೆ ಹೀಗೆ ಕೇಳಿ: “ಎಂಪಿ4, ಎಚ್.264, 1080ಪಿ, ಎಎಸಿ ಧ್ವನಿ, ಮುಹೂರ್ತ ಬೇರೆ, ಆರತಕ್ಷತೆ ಬೇರೆ, ಪ್ರತಿ ಭಾಗ 4 ಜಿಬಿ ಒಳಗೆ.” ಅವರಿಗೆ ಅರ್ಧ ದಿನದ ಕೆಲಸ, ಎರಡೂ ತೊಡಕು ಒಟ್ಟಿಗೆ ತೀರುತ್ತವೆ. ಮೂಲ ಫೈಲನ್ನೂ ಅಳಿಸಬೇಡಿ, ಇನ್ನೊಂದು ಡಿಸ್ಕ್‌ನಲ್ಲಿ ಇಡಿ. ಲಿಂಕ್ ಸ್ಟುಡಿಯೊದವರ ಖಾತೆಯದು, ಅವರು ಜಾಗ ಖಾಲಿ ಮಾಡಿದ ದಿನ ಅದೂ ಹೋಗುತ್ತದೆ.

ಪ್ರಶ್ನೆ: ಚಿತ್ರದುರ್ಗ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿ. ಶಾಲೆಯಲ್ಲಿ ನೆಟ್ ಇಲ್ಲ, ಪ್ರೊಜೆಕ್ಟರ್ ಇದೆ. ಫೋನಿನಿಂದ ವಿಜ್ಞಾನದ ವಿಡಿಯೊ ತೋರಿಸುವುದು ಹೇಗೆ?

ಉತ್ತರ: ಮನೆಯಲ್ಲಿ ನೆಟ್ ಇರುವಾಗ ಸರ್ಕಾರದ ಶಾಲಾ ಪಾಠಗಳ ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪಾಠದೊಳಗಿನ ‘ಡೌನ್‌ಲೋಡ್’ ಒತ್ತಿ. ಆಮೇಲೆ ಆ್ಯಪ್‌ನ ಡೌನ್‌ಲೋಡ್ಸ್‌ನಲ್ಲಿ ಸಿಗುತ್ತದೆ. ಯೂಟ್ಯೂಬ್‌ನಿಂದ ಜೋಡಿಸಿದ ವಿಡಿಯೊಗಳು ಹೀಗೆ ಇಳಿಯುವುದಿಲ್ಲ, ಅವಕ್ಕೆ ಯೂಟ್ಯೂಬ್ ಆ್ಯಪ್‌ನ ಡೌನ್‌ಲೋಡ್ ಬಳಸಿ.

ಪ್ರೊಜೆಕ್ಟರ್‌ಗೆ ಜೋಡಿಸುವಾಗ ಯೂಟ್ಯೂಬ್‌ನ ‘ಕಾಸ್ಟ್’ ಗುರುತು ಒತ್ತಬೇಡಿ. ಕಾಸ್ಟ್ ಮಾಡಿದಾಗ ಫೋನು ವಿಡಿಯೊ ಕಳಿಸುವುದಿಲ್ಲ, ವಿಳಾಸ ಮಾತ್ರ ಹೇಳುತ್ತದೆ. ಆ ಕಡೆಯ ಸಾಧನ ತಾನೇ ನೆಟ್‌ನಿಂದ ವಿಡಿಯೊ ತರಬೇಕು. ಫೋನಿನಲ್ಲಿ ಇಳಿಸಿಟ್ಟದ್ದು ಅಲ್ಲಿ ಲೆಕ್ಕಕ್ಕಿಲ್ಲ. ಅದರ ಬದಲು ಫೋನಿನ ಪರದೆಯನ್ನೇ ತೋರಿಸುವ ‘ಸ್ಕ್ರೀನ್ ಮಿರರಿಂಗ್’ ಬಳಸಿ. ಪ್ರೊಜೆಕ್ಟರ್‌ನಲ್ಲಿ ಮಿರಾಕಾಸ್ಟ್ (ಕೇಬಲ್ ಇಲ್ಲದೆ ಪರದೆ ತೋರಿಸುವ ಸೌಲಭ್ಯ) ಇದ್ದರೆ ಎರಡೂ ನೇರವಾಗಿ ಮಾತಾಡಿಕೊಳ್ಳುತ್ತವೆ, ನೆಟ್ ಬೇಡ. ಫೋನಿನ ವೈಫೈ ಮಾತ್ರ ಆನ್ ಇರಲಿ. ಕೇಬಲ್ ಕೊಳ್ಳುವ ಯೋಚನೆ ಇದ್ದರೆ ಮೊದಲು ಫೋನಿನ ಮಾಡೆಲ್ ವಿವರ ನೋಡಿ. ಟೈಪ್-ಸಿ ಕಿಂಡಿ ಇರುವ ಎಲ್ಲ ಫೋನೂ ಎಚ್‌ಡಿಎಂಐಗೆ ಚಿತ್ರ ಕೊಡುವುದಿಲ್ಲ, ‘ಡಿಸ್‌ಪ್ಲೇ ಪೋರ್ಟ್’ ಸೌಲಭ್ಯ ಇರಬೇಕು. ಕಡಿಮೆ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಅದಿಲ್ಲ. ಧ್ವನಿಗೆ ಪ್ರೊಜೆಕ್ಟರ್‌ನ ಸ್ಪೀಕರ್ ನಂಬಬೇಡಿ, ನಲವತ್ತು ಮಕ್ಕಳ ಕೊಠಡಿಗೆ ಅದು ಸಾಲದು. ಬ್ಲೂಟೂತ್ ಸ್ಪೀಕರ್ ಒಂದನ್ನು ಹಿಂದಿನ ರಾತ್ರಿಯೇ ಚಾರ್ಜ್ ಮಾಡಿ ತನ್ನಿ.