ಗೇಟು ಮುಚ್ಚಿದವರು ಯಾರು?

ಓದುಗರೊಬ್ಬರ ಪತ್ರ: “ಮೆರವಣಿಗೆಯಲ್ಲಿ ಕಲ್ಲು, ಕ್ರೀಡಾಂಗಣದಲ್ಲಿ ಕುರ್ಚಿ, ಸಂಗೀತ ಕಾರ್ಯಕ್ರಮದಲ್ಲಿ ಬಾಟಲಿ. ನಗರದ ಗುಂಪಿಗೆ ಹುಚ್ಚು ಹಿಡಿದಿದೆ. ಹಿಂದೆಲ್ಲ ಹೀಗಿತ್ತೇ? ಇವನ್ನೆಲ್ಲ ನಿಷೇಧಿಸಿದರೆ ನಷ್ಟವೇನು?”

ಸಂಪಾದಕರ ಉತ್ತರ:

ಮಾನ್ಯರೆ, ಹಿಂದೆಯೂ ಹೀಗೇ ಇತ್ತು. 532ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ರಥದ ಓಟದ ನೀಲಿ, ಹಸಿರು ಬಣಗಳು ಒಂದಾಗಿ ದಂಗೆಯೆದ್ದಾಗ ಊರಿನ ದೊಡ್ಡ ಭಾಗವೇ ಸುಟ್ಟುಹೋಯಿತು. 1849ರಲ್ಲಿ ಅಮೆರಿಕದ ನಟ ಹೆಚ್ಚೋ ಇಂಗ್ಲೆಂಡಿನ ನಟ ಹೆಚ್ಚೋ ಎಂಬ ಜಗಳಕ್ಕೆ ನ್ಯೂಯಾರ್ಕಿನ ನಾಟಕಶಾಲೆಯೊಂದರ ಎದುರು 20ಕ್ಕೂ ಹೆಚ್ಚು ಹೆಣ ಬಿದ್ದವು. ಅದೂ ಸೈನಿಕರ ಗುಂಡಿಗೆ.

ನನ್ನ ತಕರಾರಿರುವುದು ‘ಹುಚ್ಚು’ ಎಂಬ ಮಾತಿನ ಬಗ್ಗೆ. ಹಾಗೆ ಅಂದುಬಿಟ್ಟರೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ. 1964ರ ಮೇ 24, ಲಿಮಾ. ಪೆರು–ಅರ್ಜೆಂಟೀನಾ ಫುಟ್‌ಬಾಲ್ ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ರೆಫರಿ ಪೆರುವಿನ ಗೋಲನ್ನು ರದ್ದು ಮಾಡಿದರು. ಪ್ರೇಕ್ಷಕನೊಬ್ಬ ಮೈದಾನಕ್ಕೆ ನುಗ್ಗಿದ, ಅವನ ಹಿಂದೆ ಇನ್ನೊಬ್ಬ. ಪೊಲೀಸರು ಗ್ಯಾಲರಿಗೇ ಅಶ್ರುವಾಯು ಹೊಡೆದರು. ಕಣ್ಣುರಿ ತಾಳಲಾರದೆ ಜನ ಮೆಟ್ಟಿಲಿಳಿದು ಓಡಿದರು. ಕೆಳಗೆ, ಬೀದಿಗೆ ತೆರೆಯಬೇಕಿದ್ದ ಉಕ್ಕಿನ ಶಟರ್‌ಗಳು ಮುಚ್ಚಿದ್ದವು. ಮೇಲಿನಿಂದ ಜನ ಇಳಿಯುತ್ತಲೇ ಇದ್ದರು. 328 ಮಂದಿ ಸತ್ತರು, ಬಹುತೇಕರು ಉಸಿರುಗಟ್ಟಿ. ಹುಚ್ಚು ಹಿಡಿದಿತ್ತು ಅನ್ನುವುದಾದರೆ, ಮೊದಲು ಹಿಡಿದದ್ದು ಇಬ್ಬರಿಗೆ. 58 ವರ್ಷಗಳ ಬಳಿಕ, 2022ರಲ್ಲಿ, ಇಂಡೊನೇಷ್ಯಾದ ಕಂಜುರುಹಾನ್ ಕ್ರೀಡಾಂಗಣದಲ್ಲಿ ಮತ್ತೆ ಅಶ್ರುವಾಯು, ಮತ್ತೆ ಬಾಗಿಲಲ್ಲಿ ನೂಕುನುಗ್ಗಲು, 135 ಸಾವು. ಕ್ರೀಡಾಂಗಣದೊಳಗೆ ಅದನ್ನು ಬಳಸಕೂಡದೆಂದು ಫಿಫಾ ನಿಯಮವೇ ಇತ್ತು.

1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಜನ ಸತ್ತಾಗಲಂತೂ ತಪ್ಪೆಲ್ಲ ಕುಡಿದು ಬಂದ ಅಭಿಮಾನಿಗಳದೆಂದು ವರ್ಷಗಟ್ಟಲೆ ಹೇಳಲಾಯಿತು. ಅವರದಲ್ಲ ಎಂದು ಜ್ಯೂರಿ ಹೇಳಿದ್ದು 2016ರಲ್ಲಿ.

ಹಾಗಂತ ಅಭಿಮಾನಿಗಳೆಲ್ಲ ಹಸುಗಳೇನಲ್ಲ. 1985ರಲ್ಲಿ ಬ್ರಸೆಲ್ಸ್‌ನಲ್ಲಿ ಲಿವರ್‌ಪೂಲ್ ಬೆಂಬಲಿಗರು ಎದುರಾಳಿಗಳ ಮೇಲೆ ನುಗ್ಗಿದ ಗದ್ದಲದಲ್ಲಿ 39 ಜೀವ ಹೋದವು. ಆದರೆ ನ್ಯಾಯಾಲಯ ತಪ್ಪಿತಸ್ಥರೆಂದದ್ದು ಆ ಗುಂಪಿನಲ್ಲಿ ಹೆಸರು, ವಿಳಾಸವಿದ್ದ 14 ಬೆಂಬಲಿಗರನ್ನು.

ಇನ್ನು ಮೆರವಣಿಗೆ. ದೇವರು ಯಾರೆಂಬ ಚರ್ಚೆಗೆ ಅಲ್ಲಿ ಕಲ್ಲು ಬಿದ್ದದ್ದನ್ನು ನಾನಂತೂ ಕೇಳಿಲ್ಲ. ಬೇರೆಯವರ ಪ್ರಾರ್ಥನಾ ಮಂದಿರದ ಎದುರು ವಾದ್ಯ ಜೋರಾಗುತ್ತದೆ, ಸಾಗಬೇಕಾದ ಸಾಲು ಅಲ್ಲೇ ನಿಂತುಬಿಡುತ್ತದೆ, ಆಮೇಲಿನದು ನಿಮಗೆ ಗೊತ್ತೇ ಇದೆ. ಉತ್ತರ ಐರ್ಲೆಂಡಿನಲ್ಲಿ ಇದಕ್ಕೆಂದೇ ಒಂದು ಆಯೋಗವಿದೆ. ವಿವಾದದ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಎಲ್ಲಿ ವಾದ್ಯ ನಿಲ್ಲಿಸಬೇಕು ಎಂದು ಅದು ಮೊದಲೇ ಬರೆದು ಕೊಡುತ್ತದೆ. ಬೆಲ್‌ಫಾಸ್ಟಿನ ಚರ್ಚೊಂದರ ಮುಂದೆ ಒಂದೇ ಡ್ರಮ್ಮಿನ ತಾಳಕ್ಕೆ ಹೆಜ್ಜೆ ಹಾಕಬೇಕೆಂಬುದು ಅಂಥದೊಂದು ಷರತ್ತು. ಅದನ್ನು ಮುರಿದವರೂ ಇದ್ದಾರೆ. ಮುರಿದದ್ದು ಯಾವ ಬ್ಯಾಂಡು ಎಂಬುದಾದರೂ ಆಗ ಗೊತ್ತಾಗುತ್ತದೆ.